ನಾಯಿಯ ಬೊಜ್ಜು ಇಳಿಸಲು ಹೆಸರಿಲ್ಲದ ಪುಡಿ ಹಾಕಬೇಡಿ: ನಮ್ಮ ಕರಿಯನಿಗೆ ಆದದ್ದು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಆರು ವರ್ಷದ ಕಪ್ಪು ಲ್ಯಾಬ್ರಡಾರ್ ನಾಯಿಯಿದೆ. ಹೆಸರು ಕರಿಯ. ಅವನ ಮೈ ಇಳಿಸಬೇಕೆಂದು ಹೊರಟ ನಾವು ಕಳೆದ ಮಳೆಗಾಲದಲ್ಲಿ ಐದು ವಾರ ಕಾಲ, ದಿನಕ್ಕೆ ಎರಡು ಹೊತ್ತು, ನಮ್ಮ ಕೈಯಾರೆ ಅವನಿಗೆ ವಿಷ ಉಣಿಸಿದೆವು. ಅದು ವಿಷವೆಂದು ನಮಗೆ ಗೊತ್ತಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಲ್ಯಾಬ್ರಡಾರ್ ಸಾಕುವವರು ಈಗ ಬಹಳ ಮಂದಿ ಇರುವುದರಿಂದ, ಈ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗದಿರಲಿ ಎಂದು ನಡೆದದ್ದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಕರಿಯನಿಗೆ ಬೊಜ್ಜು ಬಂದದ್ದಕ್ಕೆ ಕಾರಣ ನಾವೇ. ಮೂರನೆಯ ವರ್ಷದಲ್ಲಿ ಸಂತಾನಹರಣ ಮಾಡಿಸಿದ ಮೇಲೆ ನಾಯಿಗೆ ಬೇಕಾಗುವ ಆಹಾರ ಕಡಿಮೆಯಾಗುತ್ತದೆಂಬುದು ತಿಳಿಯದೆ ಮೊದಲಿನಷ್ಟೇ ಹಾಕುತ್ತಾ ಬಂದೆವು. ಬೆಳಿಗ್ಗೆ ಕಾವಲಿಯಿಂದ ಎದ್ದ ಮೊದಲ ದೋಸೆ ತುಪ್ಪದೊಂದಿಗೆ ಅವನಿಗೇ ಹೋಗಬೇಕೆಂಬುದು ಅಮ್ಮನ ನಿಯಮವಾಗಿತ್ತು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಕೆಲಸದವರ ಬುತ್ತಿಯಲ್ಲೆಲ್ಲ ಅವನಿಗೊಂದು ಪಾಲು ಇರುತ್ತಿತ್ತು. ಮಳೆ ಹಿಡಿದರೆ ಇಂಬಳದ ಕಾಟದಿಂದ ತೋಟದ ಕಡೆ ಹೋಗುವುದೂ ನಿಂತುಬಿಡುತ್ತಿತ್ತು. ಅಡಿಕೆ ಮೂಟೆ ತೂಗುವ ಯಂತ್ರದ ಹಲಗೆಯ ಮೇಲೆ ಅವನನ್ನು ನಿಲ್ಲಿಸಿ ನೋಡಿದ ದಿನ ಮುಳ್ಳು 41 ಕಿಲೋ ತೋರಿಸಿತು. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಸಿಗುತ್ತಿರಲಿಲ್ಲ. ಮೇಲಿನಿಂದ ನೋಡಿದರೆ ಸೊಂಟವೆಂಬುದೇ ಕಾಣುತ್ತಿರಲಿಲ್ಲ.

ಮೈ ಇಳಿಸಬೇಕೆಂಬ ನಮ್ಮ ತೀರ್ಮಾನ ಸರಿಯಾಗಿಯೇ ಇತ್ತು. 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ಉಂಡು ತೆಳ್ಳಗಿದ್ದವು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ನಾವು ಎಡವಿದ್ದು ಏನು ಹಾಕಬೇಕೆಂಬುದನ್ನು ಯಾರಲ್ಲಿ ಕೇಳಿದೆವು ಎಂಬಲ್ಲಿ.

ಜಿಲ್ಲೆಯಲ್ಲಿ ಸಾಕುಪ್ರಾಣಿಗಳ ಆಹಾರ ಮಾರುವ ಒಂದು ಅಂಗಡಿಯವರು, ಕಾರ್ಖಾನೆಯಲ್ಲಿ ತಯಾರಾದ ಒಣ ಆಹಾರದಿಂದಲೇ ಬೊಜ್ಜು ಬರುವುದೆಂದೂ, ಅದನ್ನು ಪೂರ್ತಿ ನಿಲ್ಲಿಸಿ, ಬೇಯಿಸಿದ ತರಕಾರಿ ಮತ್ತು ಸ್ವಲ್ಪ ಅನ್ನಕ್ಕೆ ತಾವೇ ಮಾಡಿದ ‘ಬೊಜ್ಜು ಕರಗಿಸುವ ಪುಡಿ’ಯನ್ನು ಹೊತ್ತಿಗೆ ಎರಡು ದೊಡ್ಡ ಚಮಚದಂತೆ ಕಲಸಿ ಹಾಕಬೇಕೆಂದೂ ಹೇಳಿದರು. ಇದರಿಂದ ಉಣುಗು ಕೂಡ ಹತ್ತುವುದಿಲ್ಲವೆಂದು ಸೇರಿಸಿದರು. ಮಂಗನ ಕಾಯಿಲೆ ಹರಡುವ ಉಣುಗಿನ ಹೆಸರು ಕೇಳಿದರೆ ಮಲೆನಾಡಿನವರಿಗೆ ಆಗುವ ಭಯ ನಿಮಗೆ ಗೊತ್ತೇ ಇದೆ. ಆ ಮಾತಿಗೇ ನಾನು ಎರಡು ಕಿಲೋ ಕೊಂಡೆ. ಪೊಟ್ಟಣ ಬಿಚ್ಚಿದಾಗ ಸಾರಿನ ಪುಡಿಯಂಥ ಘಮ ಬಂದಿತು. ಮನೆಯಲ್ಲಿ ಮಾಡಿದ ಶುದ್ಧ ವಸ್ತು ಎಂದು ಆ ವಾಸನೆಯಿಂದಲೇ ನಂಬಿದೆ. ಕರಿಯನೂ ತಟ್ಟೆ ನೆಕ್ಕಿ ಖಾಲಿ ಮಾಡುತ್ತಿದ್ದ. ಅವನ ಇಷ್ಟವನ್ನು ನಾನು ಪ್ರಮಾಣವೆಂದು ತೆಗೆದುಕೊಳ್ಳಬಾರದಿತ್ತು, ಏಕೆಂದರೆ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವನ್ನು ಹೆಚ್ಚಿಸುವ ಒಂದು ವಂಶವಾಹಿ ದೋಷವೇ ಇರುವುದನ್ನು ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಗುರುತಿಸಿದ್ದಾರೆ.

ಐದು ವಾರದಲ್ಲಿ ತೂಕ 38 ಕಿಲೋಗೆ ಇಳಿಯಿತು, ನಾವು ಸಂತೋಷಪಟ್ಟೆವು. ಇದನ್ನು ಬರೆಯುವಾಗ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ಆ ದಿನಗಳಲ್ಲೇ ಅವನು ಜಗುಲಿ ಬಿಟ್ಟು ಏಳುವುದನ್ನು ಕಡಿಮೆ ಮಾಡಿದ್ದ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ, ಅಪರಿಚಿತರು ಬಂದರೂ ತಲೆಯೆತ್ತಿ ನೋಡಿ ಸುಮ್ಮನಾಗುತ್ತಿದ್ದ. ಮಳೆಗೆ ಜಡ ಹಿಡಿದಿದೆ ಎಂದು ಅಮ್ಮ, ಊಟ ಕಡಿಮೆಯಾದ್ದಕ್ಕೆ ಮುನಿಸು ಎಂದು ನಾನು. ಒಂದು ಸಂಜೆ ಕೊಟ್ಟಿಗೆಯ ಸಿಮೆಂಟು ನೆಲದ ಮೇಲೆ ಅವನು ಮಾಡಿದ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿತ್ತು. ತುಟಿ ಎತ್ತಿ ನೋಡಿದರೆ ಕಪ್ಪು ಕಲೆಗಳ ನಡುವೆ ಗುಲಾಬಿಯಾಗಿರಬೇಕಾದ ಒಸಡು ಎಳೆಯ ಅಡಿಕೆಯ ಒಳತಿರುಳಿನ ಹಾಗೆ ಬಿಳುಚಿಕೊಂಡಿತ್ತು.

ಆ ರಾತ್ರಿಯೇ ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಮಲಗಿಸಿಕೊಂಡು, ಮಂಡಗದ್ದೆ, ಸಕ್ರೆಬೈಲು ದಾಟಿ, ಸುರಿಯುವ ಮಳೆಯಲ್ಲಿ ಶಿವಮೊಗ್ಗಕ್ಕೆ ಹೋದೆವು. ಪಶುವೈದ್ಯರು ಮೊದಲು ಶಂಕಿಸಿದ್ದು ಉಣುಗಿನ ಜ್ವರವನ್ನು. ಅದರಲ್ಲೂ ರಕ್ತ ಒಡೆದು ಮೂತ್ರ ಕಂದಾಗುವುದುಂಟು. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಆರೋಗ್ಯವಂತ ನಾಯಿಯಲ್ಲಿ ಅದು 12ರಿಂದ 18ರವರೆಗೆ ಇರಬೇಕು. ಗಾಜಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರಿಗೆ ಉಣುಗಿನ ರೋಗಾಣು ಕಾಣಲಿಲ್ಲ, ಕೆಂಪು ರಕ್ತಕಣಗಳ ಅಂಚಿನಲ್ಲಿ ಸಣ್ಣ ಗುಬುಟುಗಳು ಕಂಡವು. ಅವರು ತಲೆಯೆತ್ತಿ, “ಇವನ ತಟ್ಟೆಗೆ ಬೀಳುವುದನ್ನೆಲ್ಲ ಹೇಳಿ, ಒಂದನ್ನೂ ಬಿಡಬೇಡಿ” ಎಂದರು. ಪುಡಿಯ ಮಾತು ಬಂದಾಗ, ಅಂಗಡಿಯವರಿಗೆ ಅಲ್ಲಿಂದಲೇ ಫೋನ್ ಮಾಡಿಸಿದರು. ಬಂದ ಉತ್ತರ ಹೀಗಿತ್ತು: “ಈರುಳ್ಳಿ, ಬೆಳ್ಳುಳ್ಳಿ, ಮೆಂತ್ಯ, ಶುಂಠಿ ಒಣಗಿಸಿ ಪುಡಿ ಮಾಡಿದ್ದು ಸಾರ್. ಎಲ್ಲ ನಾವು ತಿನ್ನುವುದೇ ಅಲ್ವಾ?”

ನಾವು ತಿನ್ನುವುದೇ, ಆದರೆ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಆಗದ ವಸ್ತುಗಳು. ಅವುಗಳಲ್ಲಿರುವ ಗಂಧಕದ ಸಂಯುಕ್ತಗಳು ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ, ಕೆಟ್ಟ ಕಣಗಳು ಒಡೆಯುತ್ತವೆ, ಒಡೆದ ಕಣಗಳ ಬಣ್ಣವೇ ಮೂತ್ರದಲ್ಲಿ ಹೋಗುತ್ತದೆ. ಬೇಯಿಸಿದರೂ, ಹುರಿದರೂ, ಒಣಗಿಸಿದರೂ ಆ ಗುಣ ಹೋಗುವುದಿಲ್ಲ. ಒಣಗಿಸಿದಾಗ ನೀರು ಹೋಗಿ ಉಳಿದದ್ದು ಗಟ್ಟಿಯಾಗುವುದರಿಂದ ಪುಡಿಯ ಒಂದು ಚಮಚ ಹಸಿ ಈರುಳ್ಳಿಯ ಹಲವು ಚಮಚಗಳಿಗೆ ಸಮ. ಒಂದೇ ಸಲ ಹೆಚ್ಚು ತಿಂದರೆ ಮಾತ್ರವಲ್ಲ, ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಹಾನಿ ಕೂಡುತ್ತಾ ಹೋಗುತ್ತದೆ, ಮತ್ತು ಲಕ್ಷಣಗಳು ಕೆಲವು ದಿನ ಕಳೆದ ಮೇಲಷ್ಟೇ ಕಾಣುತ್ತವೆ. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಪುಡಿ ನಿಲ್ಲಿಸಿ, ಡ್ರಿಪ್ ಹಾಕಿ, ರಕ್ತ ಕೊಡಬೇಕಾದೀತೆಂದು ಇನ್ನೊಂದು ನಾಯಿಯನ್ನು ಹುಡುಕಿಟ್ಟುಕೊಂಡು ಎರಡು ದಿನ ಕಾದೆವು. ಮೂರನೆಯ ದಿನ ಒಸಡಿಗೆ ಸ್ವಲ್ಪ ಬಣ್ಣ ಬಂದಿತು. ಅವನ ದೇಹ ಹೊಸ ರಕ್ತ ಮಾಡಿಕೊಳ್ಳಲು ಮುಂದೆ ಹಲವು ವಾರಗಳು ಬೇಕಾದವು.

ಚೇತರಿಸಿಕೊಂಡ ಮೇಲೆ ವೈದ್ಯರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಆ ಗ್ರಂಥಿ ಮಂದವಾದರೂ ನಾಯಿಗೆ ಮೈ ಬರುತ್ತದೆ, ಆಗ ಬರೀ ಊಟ ಕಡಿಮೆ ಮಾಡಿ ಪ್ರಯೋಜನವಿಲ್ಲ. ಅದು ಸರಿಯಿದ್ದುದರಿಂದ, ಅವನಿಗೆ ಇರಬೇಕಾದ ತೂಕ 32 ಕಿಲೋ ಎಂದು ಗೊತ್ತುಮಾಡಿ, ಆ ತೂಕಕ್ಕೆ ದಿನಕ್ಕೆ ಸುಮಾರು 940 ಕ್ಯಾಲೊರಿ ಸಾಕೆಂದು ಲೆಕ್ಕ ಹಾಕಿಕೊಟ್ಟರು. ಒಣ ಆಹಾರದ ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ನಾವು ಇದುವರೆಗೆ ನೋಡುತ್ತಿದ್ದುದು ಅವನ ಈಗಿನ ತೂಕದ ಸಾಲನ್ನು. ಬೊಜ್ಜಿಗೇ ಉಣಿಸುತ್ತಿದ್ದೆವು ಎಂಬುದು ಆಗ ಅರ್ಥವಾಯಿತು. ಕಿಲೋಗೆ 3500 ಕ್ಯಾಲೊರಿಯಿರುವ ಒಣ ಆಹಾರವಾದರೆ 940 ಕ್ಯಾಲೊರಿಗೆ 270 ಗ್ರಾಂ ಸಾಕು, ಅದನ್ನೂ ಲೋಟದಲ್ಲಿ ಅಳೆಯದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಬಾಯಿರುಚಿಗೆ ಕೊಡುವುದೆಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೆಯ ಒಂದು ಭಾಗ ಮೀರಬಾರದು, ಮತ್ತು ಅಷ್ಟು ಕ್ಯಾಲೊರಿಯ ಒಣ ಆಹಾರವನ್ನು ಆ 270 ಗ್ರಾಂನಿಂದ ಕಳೆಯಬೇಕು. 10 ಗ್ರಾಂ ತುಪ್ಪದಲ್ಲಿಯೇ 90 ಕ್ಯಾಲೊರಿ ಇದೆಯೆಂದು ಕೇಳಿದ ದಿನದಿಂದ ಅಮ್ಮ ಮೊದಲ ದೋಸೆಯ ಬದಲು ಸೌತೆಕಾಯಿ ಹೋಳನ್ನೋ ಉಪ್ಪಿಲ್ಲದೆ ಬೇಯಿಸಿದ ಬೀನ್ಸನ್ನೋ ಕೊಡುತ್ತಾರೆ. ಆಹಾರ ಬದಲಿಸುವಾಗ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತಾ ಒಂದು ವಾರ, ಹತ್ತು ದಿನ ತೆಗೆದುಕೊಳ್ಳಬೇಕು. ವಾರಕ್ಕೆ ಮೈತೂಕದ ನೂರಕ್ಕೆ ಒಂದರಿಂದ ಎರಡರಷ್ಟು ಇಳಿದರೆ ಸಾಕು. ಕರಿಯನ ತೂಕ ಆ ಐದು ವಾರಗಳಲ್ಲಿ ಇಳಿದದ್ದು ಸರಿಸುಮಾರು ಇದೇ ವೇಗದಲ್ಲಿ, ಹಾಗಾಗಿ ತಕ್ಕಡಿಯನ್ನು ಮಾತ್ರ ನಂಬಿ ಕೂರಬೇಡಿ. ಸರಿಯಾಗಿ ಇಳಿಯುತ್ತಿರುವ ನಾಯಿ ದಿನದಿಂದ ದಿನಕ್ಕೆ ಚುರುಕಾಗುತ್ತದೆ. ಇಳಿಯುತ್ತಾ ಮಂಕಾದರೆ ಅದೇ ದಿನ ಒಸಡು ನೋಡಿ.

ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಪುಡಿ ಬೇರೆ ಕಡೆಯೂ ಮಾರಾಟಕ್ಕಿರಬಹುದಾದ್ದರಿಂದ ಪೊಟ್ಟಣ ಹೇಗಿತ್ತೆಂದು ಮಾತ್ರ ಹೇಳುತ್ತೇನೆ: ಬಿಳಿ ಪ್ಲಾಸ್ಟಿಕ್ ಚೀಲ, ಬಾಯಿಗೆ ಸ್ಟೇಪ್ಲರ್ ಪಿನ್ನು, ಮೇಲೆ ಓಡುವ ನಾಯಿಯ ಚಿತ್ರ. ಒಳಗೇನಿದೆ ಎಂಬ ಪಟ್ಟಿಯಿಲ್ಲ, ತಯಾರಕರ ವಿಳಾಸವಿಲ್ಲ, ತಾರೀಖಿಲ್ಲ, ಕ್ಯಾಲೊರಿ ಎಷ್ಟೆಂದಿಲ್ಲ. ನಿಮ್ಮ ಮನೆಯಲ್ಲಿ ಇಂಥದ್ದು ಈಗಾಗಲೇ ಇದ್ದರೆ ಹಾಕುವುದನ್ನು ಈ ಹೊತ್ತೇ ನಿಲ್ಲಿಸಿ, ಆದರೆ ಪೊಟ್ಟಣವನ್ನು ಎಸೆಯಬೇಡಿ. ನಾಯಿಯ ಜೊತೆಗೆ ಅದನ್ನೂ ವೈದ್ಯರ ಬಳಿ ತೆಗೆದುಕೊಂಡು ಹೋಗಿ.