ಹಳೆಯ ಯಮಹಾ ಎಫ್‌ಜಿ-180: ಮನೆಯಲ್ಲೇ ರಿಪೇರಿ ಮಾಡುವವರಿಗೆ ಒಳ್ಳೆಯ ಗಿಟಾರ್, ಆದರೆ ನೆಕ್ ನೋಡಿ ತಗೊಳ್ಳಿ

ಹಳೆಯ ಅಕೌಸ್ಟಿಕ್ ಗಿಟಾರ್ ಒಂದನ್ನು ಮನೆಯಲ್ಲೇ ಸರಿಮಾಡಿ ನುಡಿಸಬೇಕು ಅನ್ನುವ ಆಸೆ ಇದ್ದರೆ ಯಮಹಾ ಎಫ್‌ಜಿ-180 ಹುಡುಕಿ. ಸಿಕ್ಕಿದಾಗ ಮೊದಲು ಒಂದು ಉದ್ದನೆಯ ಸ್ಟೀಲ್ ಸ್ಕೇಲ್ ಇಟ್ಟು ಅದರ ನೆಕ್ (ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಪರೀಕ್ಷೆ ಮಾಡಿ. ಈ ಗಿಟಾರು ನಿಮ್ಮ ಕೈಯಲ್ಲಿ ಸರಿಹೋಗುತ್ತದೋ ಇಲ್ಲವೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಉಳಿದದ್ದೆಲ್ಲ ತಾಳ್ಮೆ ಇದ್ದರೆ ಆಗುವ ಕೆಲಸ.

ನನ್ನ ಹತ್ತಿರ ಇರುವುದು ಸೋದರಮಾವ ಕುವೈತ್‌ನಿಂದ ತಂದದ್ದು. ಮಂಗಳೂರಿನ ಮನೆಯ ಅಟ್ಟದಲ್ಲಿ ತುಂಬಾ ವರ್ಷ ಹಾಗೇ ಬಿದ್ದಿತ್ತು. ಒಳಗೆ ಇಣುಕಿದರೆ ಕೆಂಪು ಲೇಬಲ್, ಅದರಲ್ಲಿ ನಿಪ್ಪಾನ್ ಗಾಕ್ಕಿ ಅನ್ನುವ ಹೆಸರು. 1987ರ ತನಕ ಯಮಹಾ ಕಂಪನಿಯ ಹೆಸರು ಅದೇ ಇತ್ತು. ಎಫ್‌ಜಿ ಅಂದರೆ ಫೋಕ್ ಗಿಟಾರ್. 1966ರಲ್ಲಿ ಈ ಸಾಲಿನ ಮೊದಲ ಎರಡು ಗಿಟಾರು ಬಂದವು: ದೊಡ್ಡ ಮೈಯ 180, ಸ್ವಲ್ಪ ಚಿಕ್ಕದಾದ 150. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಗಾಯಕ ಕಂಟ್ರಿ ಜೋ ಮ್ಯಾಕ್‌ಡೊನಾಲ್ಡ್ ಒಬ್ಬರೇ ನಿಂತು ಹಾಡಿದಾಗ ಅವರ ಕೈಯಲ್ಲಿ ಇದ್ದದ್ದು ಎಫ್‌ಜಿ-150.

ಕೆಂಪು ಲೇಬಲ್ ಮೊದಮೊದಲ ಎಫ್‌ಜಿಗಳ ಗುರುತು. ಅದನ್ನು ಕಂಡ ತಕ್ಷಣ ಕೆಲವರು ಬೆಲೆ ಏರಿಸುತ್ತಾರೆ. ಅದಕ್ಕೆ ಮರುಳಾಗಬೇಡಿ. ಇದು ಪ್ಲೈ ಹಲಗೆಯ ಗಿಟಾರು. ಮುಂದಿನ ಹಲಗೆ ಸ್ಪ್ರೂಸ್ ಪ್ಲೈ, ಹಿಂಭಾಗ ಮತ್ತು ಪಕ್ಕ ಮಹಾಗನಿ ಪ್ಲೈ. ಇಡೀ ಮರದಿಂದ ಮಾಡಿದ ಗಿಟಾರಿನ ಬೆಲೆ ಇದಕ್ಕೆ ಕೊಡಬಾರದು. ಆದರೆ ಮನೆಯಲ್ಲಿ ರಿಪೇರಿ ಮಾಡುವವರಿಗೆ ಈ ಪ್ಲೈ ದೊಡ್ಡ ಅನುಕೂಲ. ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುವುದರಿಂದ ಹಲಗೆ ಸುಲಭದಲ್ಲಿ ಸೀಳುವುದಿಲ್ಲ. ಕರಾವಳಿಯ ಮಳೆಗಾಲ, ಬೇಸಿಗೆ ಎಲ್ಲ ಕಂಡರೂ ನನ್ನ ಗಿಟಾರಿನಲ್ಲಿ ಒಂದೇ ಒಂದು ಬಿರುಕು ಇಲ್ಲ. ಬಿರುಕು ಕೂಡಿಸುವುದು ಹೊಸಬರಿಗೆ ಕಷ್ಟದ ಕೆಲಸ. ಅದೊಂದು ತಪ್ಪಿದರೆ ಅರ್ಧ ಭಯ ಹೋದಂತೆ.

ಮೊದಲು ಕ್ಲೀನ್ ಮಾಡಿದೆ. ಒಳಗಿನ ಧೂಳು ತೆಗೆಯಲು ಒಂದು ಹಿಡಿ ಅಕ್ಕಿ ಹಾಕಿ ಅಲ್ಲಾಡಿಸಿ ಸುರಿದರೆ ಸಾಕು, ಕಸವೆಲ್ಲ ಅಕ್ಕಿಯ ಜೊತೆ ಬರುತ್ತದೆ. ಹೊರಗಿನ ಜಿಡ್ಡಿಗೆ ಲೈಟರ್ ಫ್ಲೂಯಿಡ್ ಸ್ವಲ್ಪ ಬಟ್ಟೆಗೆ ಹಾಕಿ ಒರೆಸಿದೆ. ಇದನ್ನು ಅಂಗಳದಲ್ಲಿ ಮಾಡಿ, ಹತ್ತಿರ ಬೆಂಕಿ ಇರಬಾರದು. ಫ್ರೆಟ್‌ಬೋರ್ಡ್ (ನೆಕ್‌ನಲ್ಲಿ ಬೆರಳು ಒತ್ತುವ ಹಲಗೆ, ಅದರ ಅಡ್ಡಕ್ಕೆ ಕೂತ ಲೋಹದ ಪಟ್ಟಿಗಳೇ ಫ್ರೆಟ್) ಮೇಲೆ ಕಪ್ಪಗೆ ಅಂಟಂಟಾದ ಪದರ ಕೂತಿತ್ತು. ಮಾವನನ್ನು ಕೇಳಿದರೆ, "ತೆಂಗಿನೆಣ್ಣೆ ಹಚ್ಚುತ್ತಿದ್ದೆ ಮಾರಾಯ, ಮರ ಬಾಳಿಕೆ ಬರಲಿ ಅಂತ" ಅಂದರು. ತೆಂಗಿನೆಣ್ಣೆ ಮರದ ಮೇಲೆ ಒಣಗುವುದಿಲ್ಲ. ಧೂಳು, ಬೆವರು ಎಲ್ಲ ಅದಕ್ಕೇ ಹಿಡಿಯುತ್ತದೆ. ತುಂಬಾ ಸಣ್ಣ ಎಳೆಯ ಸ್ಟೀಲ್ ವುಲ್‌ನಿಂದ ಮರದ ಗೆರೆಯ ದಿಕ್ಕಿನಲ್ಲೇ ಉಜ್ಜಿದಾಗ ಅಡಿಯಿಂದ ಒಳ್ಳೆಯ ಗಾಢ ಬಣ್ಣದ ರೋಸ್‌ವುಡ್ ಎದ್ದು ಬಂತು. ಟ್ಯೂನಿಂಗ್ ಕೀಗಳು ಬಿಗಿದುಕೊಂಡಿದ್ದವು. ಗೇರುಗಳನ್ನು ಹಳೆಯ ಟೂತ್‌ಬ್ರಶ್‌ನಲ್ಲಿ ತಿಕ್ಕಿ, ಹೊಲಿಗೆ ಮಷೀನಿನ ಎಣ್ಣೆ ಒಂದೊಂದು ಹನಿ ಬಿಟ್ಟೆ. ಈಗಲೂ ಅವೇ ಕೀಗಳು, ಶ್ರುತಿ ನಿಲ್ಲುತ್ತದೆ. ಸುಮ್ನೆ ಹೊಸದು ಹಾಕಬೇಡಿ. ಹಳೆಯ ರಂಧ್ರಕ್ಕೆ ಹೊಸ ಕೀ ಸರಿಯಾಗಿ ಕೂರದಿದ್ದರೆ ಮರ ಕೊರೆಯಬೇಕಾಗುತ್ತದೆ.

ಬ್ರಿಡ್ಜ್, ಅಂದರೆ ಮುಂದಿನ ಹಲಗೆಯ ಮೇಲೆ ತಂತಿಗಳ ತುದಿ ಹಿಡಿಯುವ ಮರದ ಪಟ್ಟಿ, ಹಿಂಬದಿಯಲ್ಲಿ ಎದ್ದಿತ್ತು. ಇದನ್ನು ತಿಳಿಯಲು ತೆಳ್ಳಗಿನ ಕಾಗದ ಸಾಕು. ಬ್ರಿಡ್ಜ್ ಅಡಿಗೆ ಕಾಗದ ನುಸುಳಿದರೆ ಅಂಟು ಬಿಟ್ಟಿದೆ ಅಂತ ಅರ್ಥ. ಎಳೆದು ಕೀಳುವ ಮುಂಚೆ ಬ್ರಿಡ್ಜ್ ಮೇಲಿನ ಎರಡು ಬಿಳಿ ಚುಕ್ಕಿ ಗಮನಿಸಿ. ನನ್ನದರಲ್ಲಿ ಅವುಗಳ ಕೆಳಗೆ ಬೋಲ್ಟ್ ಇದ್ದವು. ಚುಕ್ಕಿಗಳನ್ನು ನಿಧಾನಕ್ಕೆ ಎಬ್ಬಿಸಿ, ಬೋಲ್ಟ್ ಬಿಚ್ಚಿ, ಆಮೇಲೆ ತೆಳುವಾದ ಸ್ಪ್ಯಾಚುಲಾ ಬಿಸಿ ಮಾಡಿ ಅಂಚಿನಿಂದ ಒಳಗೆ ಒತ್ತುತ್ತಾ ಹೋದೆ. ಬೋಲ್ಟ್ ಇರುವಾಗಲೇ ಎಳೆದರೆ ಮುಂದಿನ ಹಲಗೆಯ ಪದರವೇ ಕಿತ್ತು ಬರುತ್ತದೆ.

ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಮ್ಮ ಮನೆಗಳಲ್ಲಿ ಇರುವ ಬಿಳಿ ಮರದ ಅಂಟು ಕುರ್ಚಿ, ಮೇಜಿಗೆ ಚೆನ್ನ, ಬ್ರಿಡ್ಜ್‌ಗೆ ಬೇಡ. ತಂತಿಗಳ ಎಳೆತ ಹಗಲುರಾತ್ರಿ ಇರುತ್ತದೆ. ಸೆಕೆಗೆ ಆ ಅಂಟು ಮೆತ್ತಗಾಗಿ ಬ್ರಿಡ್ಜ್ ಕೂದಲೆಳೆಯಷ್ಟು ಜಾರುತ್ತಾ ಹೋಗುತ್ತದೆ. ಎಪಾಕ್ಸಿ ಅಂತೂ ಬೇಡವೇ ಬೇಡ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಅವರ ಗತಿ ಏನು? ನಾನು ಹಾಕಿದ್ದು ಟೈಟ್‌ಬಾಂಡ್ ಒರಿಜಿನಲ್ ಅನ್ನುವ ಮರದ ಅಂಟು. ತಿಳಿ ಹಳದಿ ಬಣ್ಣದ್ದು. ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಬೇಕಾದಾಗ ಬಿಸಿ ಕೊಟ್ಟು ಬಿಡಿಸಲೂ ಬರುತ್ತದೆ. ಹಳೆಯ ಅಂಟನ್ನು ಪೂರ್ತಿ ಕೆರೆದು ಬರೀ ಮರ ಕಾಣಿಸಿದ ಮೇಲಷ್ಟೇ ಹಚ್ಚಿ. ಧ್ವನಿರಂಧ್ರದ ಮೂಲಕ ಒಳಗೆ ತಲುಪುವ ಉದ್ದ ಬಾಯಿಯ ಕ್ಲಾಂಪ್ ಬೇಕು. ನನಗೆ ಬಂದರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಬಿಗಿದು ಒಂದು ಇಡೀ ದಿನ ಮುಟ್ಟದೆ ಬಿಡಿ. ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮಾಡಿದರೆ ಒಳ್ಳೆಯದು. ಜುಲೈ ತಿಂಗಳ ಮಂಗಳೂರಿನಲ್ಲಿ ಮರವೂ ಒದ್ದೆ, ಅಂಟೂ ಒದ್ದೆ.

ಇನ್ನು ನೆಕ್. ಹಳೆಯ ಎಫ್‌ಜಿ-180 ಕೊಳ್ಳುವವರು ಹೆಚ್ಚಾಗಿ ಪೆಟ್ಟು ತಿನ್ನುವುದು ಇಲ್ಲೇ. 12-53 ಗಾತ್ರದ ತಂತಿಯ ಸೆಟ್ (ಅತಿ ತೆಳು ತಂತಿ 0.012 ಇಂಚು, ಅತಿ ದಪ್ಪದ್ದು 0.053 ಇಂಚು) ಹಾಕಿ ಶ್ರುತಿ ಮಾಡಿದರೆ ಗಿಟಾರಿನ ಮೇಲೆ ಬೀಳುವ ಎಳೆತ ಸುಮಾರು 74 ಕೆಜಿ. ಐವತ್ತು ವರ್ಷ ಹಾಗೆ ಎಳೆದರೆ ಮೈ ಸ್ವಲ್ಪ ಮಡಚಿಕೊಳ್ಳುತ್ತದೆ, ನೆಕ್ ಮುಂದಕ್ಕೆ ಬಾಗುತ್ತದೆ. ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ. ಬೆರಳು ಒತ್ತಿದರೆ ನೋವು. ಟ್ರಸ್ ರಾಡ್ (ನೆಕ್ ಒಳಗಿರುವ ಲೋಹದ ಸರಳು) ತಿರುಗಿಸಿದರೆ ಇದು ಸರಿಹೋಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಇಲ್ಲ. ಟ್ರಸ್ ರಾಡ್ ನೆಕ್‌ನ ಉದ್ದಕ್ಕೂ ಇರುವ ಸಣ್ಣ ಬಾಗನ್ನು ಸರಿಮಾಡುತ್ತದೆ ಅಷ್ಟೆ. ನೆಕ್ ಮೈಗೆ ಸೇರುವ ಕೋನಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಿಕ್ಕಾಪಟ್ಟೆ ಬಿಗಿದರೆ ರಾಡ್ ಮುರಿಯುತ್ತದೆ.

ಪರೀಕ್ಷೆ ಸುಲಭ. ಸ್ಟೀಲ್ ಸ್ಕೇಲನ್ನು ಫ್ರೆಟ್‌ಗಳ ಮೇಲೆ ನಡುವಿನಲ್ಲಿ ಮಲಗಿಸಿ ಬ್ರಿಡ್ಜ್ ತನಕ ತಳ್ಳಿ. ಅದರ ತುದಿ ಬ್ರಿಡ್ಜ್‌ನ ಮೇಲ್ಭಾಗವನ್ನು ಸವರಿಕೊಂಡು ಹೋದರೆ ನೆಕ್ ಚೆನ್ನಾಗಿದೆ. ಬ್ರಿಡ್ಜ್‌ನ ಎದುರು ಅಂಚಿಗೆ ಬಡಿದರೆ ಕೋನ ಕೆಟ್ಟಿದೆ. ನನ್ನದರಲ್ಲಿ ಸುಮಾರು 1 ಮಿ.ಮೀ. ಕೆಳಗೆ ಬಡಿಯಿತು. 12ನೇ ಫ್ರೆಟ್ ಹತ್ತಿರ ದಪ್ಪ ತಂತಿಯ ಎತ್ತರ 4 ಮಿ.ಮೀ. ಇತ್ತು.

ಸರಿಯಾದ ದಾರಿ ಅಂದರೆ ನೆಕ್ ಬಿಚ್ಚಿ, ಬುಡ ಕೆತ್ತಿ, ಮತ್ತೆ ಕೂರಿಸುವುದು. ಹಳೆಯ ಯಮಹಾದ ನೆಕ್ ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ ಅಂತ ರಿಪೇರಿ ಮಾಡುವವರು ಹೇಳುತ್ತಾರೆ. ಮನೆಯಲ್ಲಿ ಇದಕ್ಕೆ ಕೈ ಹಾಕಬೇಡಿ. ಒಂದು ಅಂಗಡಿಯವರು ಬುಡಕ್ಕೆ ದೊಡ್ಡ ಸ್ಕ್ರೂ ಹೊಡೆದು ಬಿಗಿದುಕೊಡುತ್ತೇನೆ ಅಂದರು. ಗಿಟಾರ್ ವಾಪಸ್ ತಂದೆ.

ನಾನು ಮಾಡಿದ್ದು ಇಷ್ಟು. ಬಿಚ್ಚಿದ್ದ ಬ್ರಿಡ್ಜ್ ಅನ್ನು ಅಂಟಿಸುವ ಮುಂಚೆಯೇ ಮೇಲಿನಿಂದ 1 ಮಿ.ಮೀ. ಉಜ್ಜಿ ತೆಳು ಮಾಡಿದೆ. ಬ್ರಿಡ್ಜ್ ಮೇಲೆ ತಂತಿಗಳು ಆತುಕೊಳ್ಳುವ ಸಣ್ಣ ಪಟ್ಟಿಗೆ ಸ್ಯಾಡಲ್ ಅನ್ನುತ್ತಾರೆ. ಹಳೆಯ ಪ್ಲಾಸ್ಟಿಕ್ ಸ್ಯಾಡಲ್ ತೆಗೆದು ಮೂಳೆಯ ಸ್ಯಾಡಲ್ ಹಾಕಿ ಅದನ್ನೂ ತಗ್ಗಿಸಿದೆ. ಇಲ್ಲಿ ಒಂದು ಲೆಕ್ಕ ನೆನಪಿಡಿ: 12ನೇ ಫ್ರೆಟ್‌ನಲ್ಲಿ ತಂತಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ ಕಡೆ 2 ಮಿ.ಮೀ. ಇಳಿಸಬೇಕು. ಆ ಫ್ರೆಟ್ ತಂತಿಯ ಸರಿಯಾಗಿ ಅರ್ಧದಲ್ಲಿದೆ, ಅದಕ್ಕೆ. ಸ್ಯಾಡಲ್‌ನ ತಳ ಉಜ್ಜಿ, ಮೇಲ್ಭಾಗ ಅಲ್ಲ. ಗಾಜಿನ ತುಂಡಿನ ಮೇಲೆ 220 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ ಉಜ್ಜಿದರೆ ತಳ ಸಮ ಬರುತ್ತದೆ. ಸ್ಯಾಡಲ್ ತಗ್ಗಿದಾಗ ತಂತಿ ಅದರ ಮೇಲೆ ಸರಿಯಾಗಿ ಒತ್ತುವುದಿಲ್ಲ, ದನಿ ಮಂಕಾಗುತ್ತದೆ. ಅದಕ್ಕೆ ಬ್ರಿಡ್ಜ್‌ನಲ್ಲಿ ತಂತಿ ಸಿಕ್ಕಿಸುವ ಪಿನ್‌ನ ರಂಧ್ರದಿಂದ ಸ್ಯಾಡಲ್ ಕಡೆಗೆ ಪ್ರತಿ ತಂತಿಗೂ ಸಣ್ಣ ಇಳಿಜಾರು ಕೊರೆದೆ. ಈಗ ದಪ್ಪ ತಂತಿಯ ಎತ್ತರ 2.6 ಮಿ.ಮೀ. ಕೈಗೆ ಹಿತವಾಗಿದೆ.

ತಂತಿಯನ್ನೂ ಬದಲಾಯಿಸಿದೆ. 10-47 ಸೆಟ್ ಹಾಕಿದರೆ ಎಳೆತ ಸುಮಾರು 60 ಕೆಜಿಗೆ ಇಳಿಯುತ್ತದೆ. ಜೊತೆಗೆ ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿದರೆ ಇನ್ನೂ ಶೇ. 11ರಷ್ಟು ಕಡಿಮೆ. ವಯಸ್ಸಾದ ಗಿಟಾರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮೇಲಿನ ಸ್ವರ ಬೇಕಾದಾಗ ಕೇಪೋ (ಎಲ್ಲ ತಂತಿಗಳನ್ನು ಒಂದು ಫ್ರೆಟ್ ಹತ್ತಿರ ಒತ್ತಿ ಹಿಡಿಯುವ ಕ್ಲಿಪ್) ಇದೆಯಲ್ವಾ?

ಫ್ರೆಟ್‌ಗಳಲ್ಲಿ ಮೊದಲ ಮೂರಕ್ಕೆ ತಂತಿ ತಿಂದು ಗುಳಿ ಬಿದ್ದಿತ್ತು. ಮರಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಫ್ರೆಟ್ ತಲೆಗಳಿಗೆ ಮಾರ್ಕರ್ ಬಳಿದು, ಚಪ್ಪಟೆ ಅರದಿಂದ ಸಮ ಮಾಡಿದೆ. ಆಮೇಲೆ ಚಪ್ಪಟೆಯಾದ ತಲೆಗಳನ್ನು ಮತ್ತೆ ದುಂಡಗೆ ಮಾಡಬೇಕು. ಅದಕ್ಕೆಂದೇ ಕ್ರೌನಿಂಗ್ ಫೈಲ್ ಅಂತ ಅರ ಬರುತ್ತದೆ. ಬೇರೆಲ್ಲ ಸಾಮಾನಿನಲ್ಲಿ ದುಡ್ಡು ಉಳಿಸಿ, ಇದಕ್ಕೆ ಮಾತ್ರ ಖರ್ಚು ಮಾಡಿ.

ದನಿ ಹೇಗಿದೆ? ಇಡೀ ಮರದ ಒಳ್ಳೆಯ ಗಿಟಾರಿನ ಹಾಗೆ ಕೋಣೆ ತುಂಬುವುದಿಲ್ಲ. ಕೆಳಸ್ವರ ಸ್ವಲ್ಪ ಒಣ ಒಣ. ಆದರೆ ನಡುವಿನ ಸ್ವರಗಳು ತುಂಬಾ ಸ್ಪಷ್ಟ, ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳುತ್ತದೆ. ಹಾಡುವವರ ಹಿಂದೆ ನುಡಿಸಲು ಇದೇ ಬೇಕಾದದ್ದು, ದನಿಯ ಮೇಲೆ ಏರಿ ಕೂರುವುದಿಲ್ಲ. ನಾನು ಭಾವಗೀತೆ ಹಾಡುವವರ ಜೊತೆ ನುಡಿಸುತ್ತೇನೆ. ಬೆರಳಲ್ಲಿ ಮೀಟಿದಾಗ ಇದು ಕೊಡುವ ಸೌಮ್ಯ ನಾದ ನನಗೆ ಬಲು ಪ್ರೀತಿ.

ಕರಾವಳಿಯವರಿಗೆ ಒಂದು ಮಾತು. ಗಿಟಾರಿಗೆ ಗಾಳಿಯ ತೇವ 45ರಿಂದ 55 ಪರ್ಸೆಂಟ್ ಇದ್ದರೆ ಒಳ್ಳೆಯದು. ನಮ್ಮಲ್ಲಿ ಮಳೆಗಾಲದಲ್ಲಿ 80 ದಾಟುತ್ತದೆ. ಮರ ಉಬ್ಬಿ ತಂತಿ ಮತ್ತೆ ಮೇಲೇಳುತ್ತದೆ. ಪ್ಲೈ ಆದರೂ ಪೂರ್ತಿ ತಪ್ಪುವುದಿಲ್ಲ. ಗಟ್ಟಿ ಕೇಸ್, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಒಂದು ಸಣ್ಣ ತೇವಮಾಪಕ ಇಟ್ಟರೆ ಸಾಕು. ಜೂನ್‌ನಲ್ಲಿ ಅಳೆದು ಸ್ಯಾಡಲ್ ಉಜ್ಜಬೇಡಿ. ಜನವರಿಗೆ ಮರ ಕುಗ್ಗಿ ತಂತಿ ಫ್ರೆಟ್‌ಗೆ ಬಡಿಯಲು ಶುರು ಮಾಡುತ್ತದೆ.

ಬರೀ ನುಡಿಸಲು ಗಿಟಾರ್ ಬೇಕಾದವರಿಗೆ ಇದು ಬೇಡ. ಅದೇ ಕಂಪನಿಯ ಹೊಸ ಎಫ್‌ಜಿ800ರಲ್ಲಿ ಮುಂದಿನ ಹಲಗೆ ಇಡೀ ಸ್ಪ್ರೂಸ್ ಮರದ್ದು, ತಂದ ದಿನವೇ ನುಡಿಸಬಹುದು. ಉಪಕರಣ ಹಿಡಿದು ಕೂರುವುದೇ ಖುಷಿ ಅನ್ನುವವರಿಗೆ 180 ಸರಿ. ಸ್ಕೇಲ್ ಬ್ರಿಡ್ಜ್‌ನ ಮೇಲ್ಭಾಗಕ್ಕಿಂತ 2 ಮಿ.ಮೀ.ಗಿಂತ ಜಾಸ್ತಿ ಕೆಳಗೆ ಬಡಿದರೆ, ಲೇಬಲ್ ಎಷ್ಟೇ ಕೆಂಪಗಿರಲಿ, ಬಿಟ್ಟು ಬನ್ನಿ. ಅದಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಬೆಲೆ ಮಾತಾಡಿ.