ಶ್ರೀಲಂಕಾ ಕರಾವಳಿಯಲ್ಲಿ ಹಕ್ಕಿ ನೋಡೋಕೆ: ಬುಂದಲವಾ, ಮನ್ನಾರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಯವ್ಯದ ದ್ವೀಪ ಮನ್ನಾರಿಗೆ. ಕೊಲಂಬೊದಲ್ಲಿ ಡ್ರೈವರ್ ಸಮೇತ ಕಾರು ಹಿಡಿದು ಚಳಿಗಾಲದ ಒಂದೇ ಸುತ್ತಿನಲ್ಲಿ ಎರಡೂ ಕಡೆ ಹೋಗಿದ್ದೆವು. ದಕ್ಷಿಣ ಕರಾವಳಿಯ ರಾಷ್ಟ್ರೀಯ ಉದ್ಯಾನ ಬುಂದಲಕ್ಕೆ ಹೆಸರು ಜಾಸ್ತಿ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಶ್ರೀಲಂಕಾದ ಮೊದಲ ಜಾಗ ಅದು, 1990ರಲ್ಲಿ. ಮನ್ನಾರಿನ ವಂಕಾಲೈ ಅಭಯಾರಣ್ಯ ಸೇರಿದ್ದು 2010ರಲ್ಲಿ.

ಬುಂದಲದಲ್ಲಿ ನನ್ನ ತಲೆ ತಿಂದಿದ್ದು ಜೀಪು. ನಮ್ಮ ಕಾರು ಗೇಟಿನ ಹೊರಗೇ ಉಳಿಯಿತು. ಟಿಕೆಟ್ ದುಡ್ಡು ಬೇರೆ, ಜೀಪಿನ ಬಾಡಿಗೆ ಬೇರೆ. ಹೋಗಲಿ, ಆನೆ ಚಿರತೆ ನೋಡುವವರಿಗೆ ಜೀಪು ಸರಿ. ಆದರೆ ಕೆಸರಿನಲ್ಲಿ ದೂರಕ್ಕೆ ಓಡಾಡುವ ಪುಟ್ಟ ಪುಟ್ಟ ವಲಸೆ ಹಕ್ಕಿಗಳನ್ನು ಗುರುತಿಸಬೇಕಾದರೆ ಕಾಲಿನ ಬಣ್ಣ, ಕೊಕ್ಕಿನ ಉದ್ದ ಎಲ್ಲ ಕಾಣಬೇಕು, ಅದಕ್ಕೆ ಟೆಲಿಸ್ಕೋಪ್ ಅಲ್ಲಾಡದೆ ನಿಲ್ಲಬೇಕು. ಕೆಳಗೆ ಇಳಿಯುವ ಹಾಗಿಲ್ಲ. ಜೀಪಿನೊಳಗೇ ಟ್ರೈಪಾಡ್ ಇಟ್ಟರೆ, ಪಕ್ಕದವರು ನೀರಿನ ಬಾಟ್ಲಿಗೆ ಕೈ ಹಾಕಿದರೂ ಹಕ್ಕಿ ಕುಣಿಯುತ್ತದೆ.

ಇಂಜಿನ್ ಆಫ್ ಮಾಡಪ್ಪಾ ಅಂದರೆ ಜೀಪಿನ ಡ್ರೈವರ್ ಮಾಡುತ್ತಿದ್ದ, ಎರಡು ನಿಮಿಷಕ್ಕೆ ಮತ್ತೆ ಸ್ಟಾರ್ಟ್. ಅವನಿಗೆ ನಮಗೆ ಆನೆ ತೋರಿಸುವ ಹಟ. ಕೆಸರಿನ ಆ ಪುಟ್ಟ ಹಕ್ಕಿ ಯಾವ ಜಾತಿಯ ಪ್ಲೋವರ್ ಅಂತ ಇನ್ನೇನು ತೀರ್ಮಾನ ಆಗಬೇಕು, ಅಷ್ಟರಲ್ಲಿ ಆನೆ ಬಂತು ಅಂತ ಗಾಡಿ ಹೊರಟೇಬಿಟ್ಟಿತು. ನಾಗರಹೊಳೆ ಪಕ್ಕದವರು ನಾವು, ಆನೆಗೋಸ್ಕರ ಸಮುದ್ರ ದಾಟಿ ಬರಬೇಕಿತ್ತಾ? ರಾಜಹಂಸಗಳೂ ಅಲ್ಲಿ ಹಿಂದಿನಷ್ಟಿಲ್ಲ. ಮೇಲಿನ ಗದ್ದೆಗಳ ಬಸಿ ನೀರು ಬಂದು ಕಡಲಂಚಿನ ಉಪ್ಪುನೀರಿನ ಕೆರೆಗಳಾದ ಲಗೂನ್‌ಗಳ ಉಪ್ಪಿನಂಶ ತಗ್ಗಿದ್ದು ಇದಕ್ಕೆ ಒಂದು ಕಾರಣ.

ಮನ್ನಾರಿನಲ್ಲಿ ಈ ರಗಳೆ ಇಲ್ಲ. ನೀರು ದಾಟಿ ದ್ವೀಪಕ್ಕೆ ಹೋಗುವ ಏರಿ ರಸ್ತೆ, ಕಾಸ್‌ವೇ ಇದೆಯಲ್ಲ, ಅದರ ಆಸುಪಾಸಿನಲ್ಲೇ ರಾಜಹಂಸ, ಸೂಜಿಬಾಲದ ಬಾತು, ವಿಜನ್ ಬಾತು ಹಿಂಡು ಹಿಂಡಾಗಿ ಸಿಗುತ್ತವೆ. ಕಾರು ರಸ್ತೆ ಬದಿಗೆ ಹಾಕಿ ಇಳಿದರಾಯಿತು, ಎಷ್ಟು ಹೊತ್ತು ಬೇಕಾದರೂ ನಿಲ್ಲಿ. ಗಾಳಿ ಮಾತ್ರ ಜೋರು. ಸುಮ್ನೆ ಅಲ್ಲಿ ಸಾಲಾಗಿ ಗಾಳಿಯಂತ್ರ ನೆಟ್ಟಿಲ್ಲ. ಟ್ರೈಪಾಡ್ ಕಾಲು ಗಿಡ್ಡ ಮಾಡಿ ಕಾರಿನ ಮರೆಯಲ್ಲಿ ನೆಲಕ್ಕೆ ಕೂತರೆ ಸರಿಹೋಗುತ್ತದೆ. ದ್ವೀಪದ ತುದಿಯ ತಲೈಮನ್ನಾರಿನ ಕಡೆ ಮರಳಿನಲ್ಲಿ ಏಡಿ ತಿನ್ನುವ ಕಪ್ಪು ಬಿಳುಪಿನ ಹಕ್ಕಿ ಕ್ರ್ಯಾಬ್ ಪ್ಲೋವರ್ ಕಂಡಿತು, ನನಗೆ ಆ ಒಂದೇ ಸಾಕಿತ್ತು.

ತಮಾಷೆ ಗೊತ್ತಾ, ಕೊಲಂಬೊ ಕಡೆಯ ಹಕ್ಕಿಪ್ರಿಯರು ಮನ್ನಾರಿಗೆ ಬಂದು ಗೌಜಲು ಹಕ್ಕಿ, ಕಾಜಾಣ ಹುಡುಕುತ್ತಾರೆ. ಆ ದೇಶದಲ್ಲಿ ಅವು ಮುಖ್ಯವಾಗಿ ಇರುವುದೇ ಉತ್ತರದ ಒಣ ಭಾಗದಲ್ಲಿ. ನಮ್ಮ ಕಡೆ ಹೊಲದ ಬದುವಿನಲ್ಲೇ ಇರುತ್ತವೆ, ಅಲ್ವಾ?

ದಾರಿಯಲ್ಲಿ ಬುಂದಲವೇ ಸಲೀಸು, ಹಂಬನ್‌ತೋಟದವರೆಗೂ ಎಕ್ಸ್‌ಪ್ರೆಸ್‌ವೇ ಇದೆ. ಮನ್ನಾರಿಗೆ ಅನುರಾಧಪುರದ ಮೇಲೆ ಇಡೀ ದಿನ ಹಿಡಿಯಿತು. ಊಟ: ದಕ್ಷಿಣದಲ್ಲಿ ಮಡಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಪಾಕ, ಮನ್ನಾರಿನಲ್ಲಿ ಏಡಿ ಸಾರು. ಇದರಲ್ಲಿ ಸಮ ಸಮ. ಭಾಷೆಗೆ ನನ್ನ ಹರಕು ತಮಿಳು ಮನ್ನಾರಿನಲ್ಲಿ ಚೆನ್ನಾಗಿ ನಡೆಯಿತು.

ನನ್ನ ಹಾಗೆ ಒಂದೇ ಕೆರೆ ಮುಂದೆ ಅರ್ಧ ದಿನ ಕೂರುವವರಾದರೆ, ಜೀಪಿಗೆ ಸುರಿಯುವ ದುಡ್ಡಲ್ಲಿ ಮನ್ನಾರಿನಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. ಮಕ್ಕಳು ಜೊತೆಗಿದ್ದರೆ, ಅಥವಾ ಶ್ರೀಲಂಕಾ ಬಿಟ್ಟು ಬೇರೆಲ್ಲೂ ಇಲ್ಲದ ಕಾಡುಕೋಳಿ ನೋಡಬೇಕಿದ್ದರೆ ಬುಂದಲಕ್ಕೇ ಹೋಗಿ. ಟೆಲಿಸ್ಕೋಪ್ ಮಾತ್ರ ಕಾರಿನಲ್ಲೇ ಇರಲಿ.