ತುಮರಿ ದಾರಿಯ ಊಟದ ಮನೆ: ಹಿನ್ನೀರಿನ ಸೀಮೆಯ ಬಾಳೆ ಎಲೆಯ ಊಟ

ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ದಾಟಿ ತುಮರಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಅಡಿಕೆ ತೋಟವೊಂದರ ಅಂಚಿನ ಮನೆಯ ಜಗಲಿಯಲ್ಲಿ ದಂಪತಿಯೊಬ್ಬರು ಊಟ ಬಡಿಸುತ್ತಾರೆ. ಫಲಕವಿಲ್ಲ, ಹಿಂದಿನ ದಿನವೇ ಫೋನ್ ಮಾಡಿ ಹೇಳಿದವರಿಗೆ ಮಾತ್ರ ಅಡುಗೆ. ಬಾಳೆ ಎಲೆಯ ಊಟಕ್ಕೆ 150 ರೂಪಾಯಿ. ಬರೀ ರುಚಿಯ ಮಾತಾದರೆ ಸಾಗರ ತಾಲ್ಲೂಕಿನಲ್ಲಿ ಇದಕ್ಕೆ ಸಮನಾದ ಊಟ ಬೇರೆಡೆಯೂ ಸಿಗುತ್ತದೆ. ಆದರೆ ಇಲ್ಲಿ ಬಡಿಸುವುದರಲ್ಲಿ ಬಹುಪಾಲು ಸುತ್ತಲಿನ ಗದ್ದೆ, ತೋಟ, ಬ್ಯಾಣಗಳಲ್ಲಿ (ಹುಲ್ಲುಗಾವಲಿನಂಥ ಬಯಲುಗಳಲ್ಲಿ) ಬೆಳೆದದ್ದು. ಅದಕ್ಕಾಗಿಯೇ ಈ ಮನೆಯ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ.

ಮಳೆಗಾಲದ ಊಟದಲ್ಲಿ ಮೊದಲು ಹೇಳಬೇಕಾದದ್ದು ಪತ್ರೊಡೆ. ಕೆಸುವಿನ ಎಲೆಯ ಬೆನ್ನಿನ ದಪ್ಪ ನಾರನ್ನು ಹೆರೆದು, ಅಕ್ಕಿ, ಒಣಮೆಣಸು, ಕೊತ್ತಂಬರಿ, ವಾಟೆಹುಳಿ ಸೇರಿಸಿ ತರಿತರಿಯಾಗಿ ರುಬ್ಬಿದ ಹಿಟ್ಟನ್ನು ಸವರಿ, ಎಲೆಯ ಮೇಲೆ ಎಲೆ ಇಟ್ಟು ಬಿಗಿಯಾಗಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಬಿಲ್ಲೆಗಳಾಗಿ ಕತ್ತರಿಸಿ ಕಾವಲಿಯ ಮೇಲೆ ಅಂಚು ಗರಿಗರಿಯಾಗುವಷ್ಟು ಕಾಯಿಸುತ್ತಾರೆ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಇಲ್ಲಿ ಅದರ ಸುಳಿವೇ ಇರಲಿಲ್ಲ. ಜೊತೆಗೆ ಒಂದೆಲಗದ ತಂಬುಳಿ, ನೀರು ಬದಲಿಸುತ್ತ ನೆನೆಸಿ ಕಹಿ ತೆಗೆದ ಎಳೆಬಿದಿರಿನ ಕಳಲೆಯ ಪಲ್ಯ, ಕೆಂಪಕ್ಕಿ ಅನ್ನ. ತವುಡು ಉಳಿದಿರುವ ಈ ಅಕ್ಕಿಯಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ನಾರಿನಂಶವೂ ಬಿ ಗುಂಪಿನ ಜೀವಸತ್ವಗಳೂ ಹೆಚ್ಚು.

ಮಾವಿನ ಮಿಡಿಯಿಂದ ಮಾಡುವ ತಿಳಿಸಾರು ಅಪ್ಪೆಹುಳಿ ಇರಲಿಲ್ಲ. ಕೇಳಿದಾಗ ಮನೆಯ ಅಮ್ಮ, "ಈ ಸಲ ಹೂವು ನಿಲ್ಲಲೇ ಇಲ್ಲ ಮಾರಾಯ್ರೆ, ಮಿಡಿ ಎಲ್ಲಿಂದ ತರೋದು?" ಎಂದರು. ಹೂ ಬಿಡುವ ಹೊತ್ತಿಗೆ ಅಕಾಲದ ಮಳೆ ಬಿದ್ದರೆ ಅಪ್ಪೆಮಿಡಿ ಕೈಗೆ ಹತ್ತುವುದಿಲ್ಲ. ಪೇಟೆಯ ಉಪ್ಪಿನಕಾಯಿ ತಂದು ಬಡಿಸದೆ, ಇಲ್ಲದ್ದನ್ನು ಇಲ್ಲವೆಂದೇ ಹೇಳಿದ್ದು ನನಗೆ ಹಿಡಿಸಿತು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ತುಮರಿಯಿರುವ ಕರೂರು ಸೀಮೆಯ ತಗ್ಗಿನ ಗದ್ದೆಗಳು ಮುಳುಗಿ, ಉಳಿದ ಊರುಗಳು ದ್ವೀಪದಂತಾದವು. ಮುಂಗಾರು ಕೈಕೊಟ್ಟ 2023ರ ಜೂನ್‌ನಲ್ಲಿ ಹಿನ್ನೀರು ತೀರ ಇಳಿದು, ಸೇತುವೆಗೆ ಮೊದಲು ದಾಟಲು ಇದ್ದ ಹೊಳೆಬಾಗಿಲಿನ ಲಾಂಚಿನಲ್ಲಿ ವಾಹನ ಸಾಗಿಸುವುದೇ ನಿಂತಿತ್ತು. ಮಳೆ ತಪ್ಪಿದರೆ ಬೆಳೆಯ ಜೊತೆಗೆ ದಾರಿಯೂ ತಪ್ಪುತ್ತಿದ್ದ ಸೀಮೆಯಿದು. ಹಿತ್ತಿಲ ಕೆಸು, ಬಾಳೆ, ಹಲಸು, ಸೊಪ್ಪುಗಳೇ ಅಂಥ ಹೊತ್ತಿನಲ್ಲಿ ಅಡುಗೆಮನೆಯನ್ನು ನಡೆಸಿದ್ದು.

ಪೆಸಿಫಿಕ್ ಸಾಗರದ ದ್ವೀಪಗಳವರಿಗೂ ಕೆಸು, ಅದರ ಬಳಗದ ಗೆಡ್ಡೆಗಳು, ಜೀಗುಜ್ಜೆ, ಮೀನುಗಳೇ ತಲೆತಲಾಂತರದ ಆಹಾರ. ಹಡಗಿನಲ್ಲಿ ಬರುವ ಬಿಳಿ ಅಕ್ಕಿ, ಮೈದಾ, ಸಕ್ಕರೆ, ಡಬ್ಬಿ ಮಾಂಸಗಳು ಅವುಗಳ ಜಾಗ ಹಿಡಿದ ಮೇಲೆ ನೌರು ಮೊದಲಾದ ದ್ವೀಪಗಳಲ್ಲಿ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ಮಟ್ಟಕ್ಕೆ ಏರಿದವು. ಕಿರಿಬಾಟಿಯಲ್ಲಿ ಸಿಹಿನೀರು ಸಿಗುವವರೆಗೆ ಹೊಂಡ ತೋಡಿ ಬಾಬಾಯ್ ಎಂಬ ಗೆಡ್ಡೆ ಬೆಳೆಯುತ್ತಾರೆ. ಏರುತ್ತಿರುವ ಸಮುದ್ರ ಒಳನುಗ್ಗಿದರೆ ಹೊಂಡ ಉಪ್ಪಾಗಿ ಗೆಡ್ಡೆ ಸಾಯುತ್ತದೆ, ಆಮೇಲೆ ಹಡಗಿನ ಅಕ್ಕಿಯೇ ಗತಿಯಾಗುತ್ತದೆ. ನಮ್ಮಲ್ಲಿ ಉಪ್ಪುನೀರಿನ ಭಯವಿಲ್ಲ. ಆದರೆ 2025ರ ಜುಲೈನಲ್ಲಿ ತೆರೆದ 2.44 ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ ಆಂಬುಲೆನ್ಸ್ ಬಂದಷ್ಟೇ ಸಲೀಸಾಗಿ ಕುರುಕಲು ಪೊಟ್ಟಣಗಳೂ ಬರುತ್ತವೆ. ಸೇತುವೆ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಅದು ಬಂದ ಮೇಲೂ ಹಿತ್ತಿಲನ್ನು ನಂಬಿ ಅಡುಗೆ ಮಾಡುವ ಮನೆಗಳು ಉಳಿಯಬೇಕೆಂಬುದು ನನ್ನ ಕಾಳಜಿ.

ಈ ಮನೆಯಲ್ಲಿಯೂ ಆ ಬದಲಾವಣೆಯ ಸೂಚನೆ ಕಾಣುತ್ತದೆ. ಸಿಗಂದೂರಿನ ದೇವಸ್ಥಾನಕ್ಕೆ ಬರುವವರ ದಟ್ಟಣೆಯಿರುವ ಭಾನುವಾರಗಳಲ್ಲಿ ಕೆಂಪಕ್ಕಿಯ ಬದಲು ಬಿಳಿ ಅನ್ನ, ಹಲಸಿನ ಹಪ್ಪಳದ ಬದಲು ತಾಳೆ ಎಣ್ಣೆಯಲ್ಲಿ ಕರಿದ ಅಂಗಡಿಯ ಹಪ್ಪಳ ಎಲೆಗೆ ಬೀಳುತ್ತವೆ. ಗಿರಾಕಿಗಳೇ ಕೇಳುತ್ತಾರೆ ಎಂದು ಯಜಮಾನರು ಹೇಳಿದರು; ಇರಬಹುದು, ಆದರೂ ಅದೇ 150 ರೂಪಾಯಿಗೆ ಆ ಊಟ ತೀರ ಸಪ್ಪೆ. ಪಾಯಸಕ್ಕೆ ಬೆಲ್ಲವನ್ನೂ ಇನ್ನಷ್ಟು ಹಿಡಿತದಲ್ಲಿ ಹಾಕಬಹುದು. ಬಡಿಸುವಾಗಿನ ಆದರ, ಜಗಲಿಯ ಸ್ವಚ್ಛತೆ, ಕಾಯಿಸಿ ಆರಿಸಿದ ಕುಡಿಯುವ ನೀರು ಇವುಗಳಲ್ಲಿ ಕೊರತೆಯಿಲ್ಲ.

ವಾರದ ನಡುವೆ ಹೋಗುವುದು ಒಳ್ಳೆಯದು. ಪತ್ರೊಡೆ ಬೇಕಿದ್ದರೆ ಫೋನಿನಲ್ಲೇ ತಿಳಿಸಿ. ಕೆಸುವಿನ ಎಲೆಯನ್ನು ಅವರು ಬೆಳಿಗ್ಗೆಯೇ ಕೊಯ್ದು ತರಬೇಕು, ಅಕ್ಕಿಯೂ ನೆನೆಯಬೇಕು. ಕೆಂಪಕ್ಕಿ ಅನ್ನವೇ ಆಗಬೇಕೆಂಬುದನ್ನೂ ಆಗಲೇ ಸ್ಪಷ್ಟವಾಗಿ ಹೇಳಿಬಿಡಿ.